ಮೂರನೆಯ ತೂತು

ಮೊಮ್ಮಗಳ ಬೂಟಿಗೆ ಆದ ಖರ್ಚನ್ನು ಇಸ್ತ್ರಿಯಮ್ಮ ಶರಟುಗಳಲ್ಲಿ ಲೆಕ್ಕ ಹಾಕಿದ್ದಳು. ಅಂಗೈಯಷ್ಟು ಉದ್ದದ ಎರಡು ಬೂಟು, ಎರಡನ್ನೂ ಕೂಡಿಸಿ ಹಿಡಿಯುವ ಒಂದು ಅಲ್ಯೂಮಿನಿಯಂ ಪಟ್ಟಿ, ಇಷ್ಟಕ್ಕೆ ಆರುನೂರು ಶರಟು ಇಸ್ತ್ರಿ ಮಾಡಬೇಕು. ಅರ್ಧ ಡಜನ್ ಕಾಲುಚೀಲಕ್ಕೆ ಇಪ್ಪತ್ತು ಶರಟು. ಕ್ಲಿನಿಕ್ಕಿಗೆ ಒಂದು ಸಲ ಹೋಗಿಬರಲು ಬಸ್ಸಿಗೆ ನಾಲ್ಕು ಶರಟು, ಅಲ್ಲಿ ಕಾಯುವಾಗ ಕುಡಿಯುವ ಚಹಾಕ್ಕೆ ಒಂದು ಕರವಸ್ತ್ರ. ಬೂಟಿನ ಹಣದಲ್ಲಿ ಅರ್ಧ ಅವಳದು, ಅರ್ಧ ಬೀಗಿತ್ತಿಯದು. ಬೀಗಿತ್ತಿ, ಅಂದರೆ ಅಳಿಯನ ತಾಯಿ, ಶಿಶುವಿಹಾರದ ಕೆಲಸದಿಂದ ನಿವೃತ್ತಳಾದವಳು. ತನ್ನ ಪಾಲನ್ನು ಬ್ಯಾಂಕಿನಿಂದ ತೆಗೆದು ಕೊಟ್ಟಿದ್ದಳು. ಅದು ಕೂತಲ್ಲಿಗೆ ಬರುವ ದುಡ್ಡು, ತನ್ನದು ನಿಂತು ದುಡಿದ ದುಡ್ಡು ಎಂಬ ವ್ಯತ್ಯಾಸ ಇಸ್ತ್ರಿಯಮ್ಮನ ಮನಸ್ಸಿನಲ್ಲಿತ್ತು. ಹಾಗಾಗಿ ಬಲಗಾಲಿನ ಬೂಟು, ಮತ್ತು ಪಟ್ಟಿಯಲ್ಲಿ ಅರ್ಧದವರೆಗೆ, ತನ್ನದೆಂದು ಅವಳು ಯಾರಿಗೂ ಹೇಳದೆ ತೀರ್ಮಾನಿಸಿಕೊಂಡಿದ್ದಳು. ತೊಂದರೆ ಇದ್ದದ್ದೂ ಬಲಗಾಲಿನಲ್ಲೇ.

ಹುಟ್ಟುವಾಗ ಮಗುವಿನ ಬಲಪಾದ ಒಳಕ್ಕೆ ತಿರುಗಿಕೊಂಡಿತ್ತು, ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವ ಹಾಗೆ. ವಾರ ವಾರವೂ ಪ್ಲಾಸ್ಟರ್ ಹಾಕಿ, ತೆಗೆದು, ಮತ್ತೆ ಹಾಕಿ, ಡಾಕ್ಟರಮ್ಮ ಅದನ್ನು ನೆಟ್ಟಗೆ ಮಾಡಿದ್ದರು. ಹಾಗೆ ನೆಟ್ಟಗಾದ ಪಾದ ಹಾಗೇ ಉಳಿಯಬೇಕಾದರೆ ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಈ ಬೂಟು. ಅಳಿಯ ಅದಕ್ಕೆ ತಕ್ಕಡಿ ಎಂದು ಹೆಸರಿಟ್ಟಿದ್ದ. ಪುಟ್ಟಿ ಒಂದು ಕಾಲೆತ್ತಿದರೆ ಎರಡೂ ಏಳುತ್ತಿದ್ದವು.

ಬೂಟು ಕೊಟ್ಟ ದಿನ ಡಾಕ್ಟರಮ್ಮ ನಾಲ್ಕೂ ಜನರನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಮಾಡಿದ್ದರು.

"ಹಿಮ್ಮಡಿ ಕೆಳಗೆ ಒತ್ತಿ ಹಿಡೀರಿ. ಮೊದಲು ಮಧ್ಯದ ಬೆಲ್ಟು, ಮೂರನೇ ತೂತಿಗೆ. ನೋಡಿ, ಪೆನ್ನಲ್ಲಿ ಗುರುತು ಹಾಕಿದೀನಿ. ಹಿಮ್ಮಡಿ ತಳ ಮುಟ್ಟಿದ್ಯಾ ಅಂತ ಬೂಟಿನ ಹಿಂದಿನ ಕಿಂಡೀಲಿ ಇಣುಕಿ ನೋಡಿ. ಆಮೇಲೆ ಉಳಿದೆರಡು ಬೆಲ್ಟು. ಸಾಕ್ಸು ತೆಳ್ಳಗಿನ ಹತ್ತೀದು, ಸುಕ್ಕು ಇರಬಾರದು. ಮೊದಮೊದಲು ದಿನಕ್ಕೆ ಕೆಲವು ಸಲ ಬಿಚ್ಚಿ ಚರ್ಮ ನೋಡ್ತಾ ಇರಿ. ಕೆಂಪಾಗಿದ್ದು ಸ್ವಲ್ಪ ಹೊತ್ತಿಗೆ ಮಾಯವಾದರೆ ಪರವಾಗಿಲ್ಲ. ಮಾಯವಾಗದೆ ಉಳಿದರೆ ಅವತ್ತೇ ನನಗೆ ಹೇಳಿ. ಕ್ರೀಮು ಗೀಮು ಸವರಬೇಡಿ."

"ಅತ್ತರೆ ಸ್ವಲ್ಪ ಸಡಿಲ ಮಾಡಬಹುದಾ, ಡಾಕ್ಟ್ರೇ?" ಬೀಗಿತ್ತಿ ಕೇಳಿದ್ದಳು.

"ಬೇಡ. ಬಿಗಿಯಾಗಿದ್ದರೆ ಹುಣ್ಣಾಗುತ್ತೆ ಅಂತ ಎಲ್ಲರೂ ತಿಳ್ಕೊಂಡಿದಾರೆ. ಸಡಿಲವಾಗಿದ್ದರೇ ಆಗೋದು. ಹಿಮ್ಮಡಿ ಒಳಗೊಳಗೇ ಮೇಲಕ್ಕೂ ಕೆಳಕ್ಕೂ ಉಜ್ಜುತ್ತೆ. ಅರ್ಥ ಆಯ್ತಾ?"

ಇಬ್ಬರು ಅಜ್ಜಿಯರೂ ತಲೆಯಾಡಿಸಿದರು. ತಲೆಯಾಡಿಸುತ್ತಲೇ, ಇನ್ನೊಬ್ಬಳು ಆಡಿಸಿದಳೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡಿಕೊಂಡರು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅಳಿಯ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಬೆಳಗಿನ ಹೊತ್ತು ಮಗು ಬೀಗಿತ್ತಿಯ ಬಳಿ. ಸ್ನಾನ ಮಾಡಿಸಿ, ಬೂಟು ಹಾಕಿ, ಮಲಗಿಸುವುದು ಅವಳ ಕೆಲಸ. ಇಸ್ತ್ರಿಯಮ್ಮನ ಅಂಗಡಿಯಲ್ಲಿ ಬೆಳಿಗ್ಗೆಯೇ ನೂಕುನುಗ್ಗಲು. ಆಫೀಸಿಗೆ ಹೋಗುವವರು ಬನಿಯನ್ನಿನಲ್ಲೇ ಬಂದು ಶರಟಿಗೆ ಕಾದು ನಿಲ್ಲುತ್ತಿದ್ದರು. ಅದು ಮುಗಿದ ಮೇಲೆ, ಮಧ್ಯಾಹ್ನ, ಮಗು ಅವಳ ಪಾಲು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಡಿಸಿಟ್ಟ ಬಟ್ಟೆಗಳ ಬಿಸಿಯ ನಡುವೆ, ಮೇಜಿನ ಪಕ್ಕ ತೊಟ್ಟಿಲು ಕಟ್ಟಿದ್ದಳು. ಗಂಡ ಹೋದ ಮೇಲೆ ಆ ಕೋಣೆಯಲ್ಲಿ ಅವಳೊಂದಿಗೆ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಈಗ ರೇಡಿಯೋ ನಿಲ್ಲಿಸಿ, ಮಗುವಿನ ಉಸಿರು ಕೇಳುತ್ತ ಪ್ಯಾಂಟುಗಳ ಗೆರೆ ತೀಡುತ್ತಿದ್ದಳು. ದಿನದಲ್ಲಿ ಅವಳಿಗಾಗಿ ಇದ್ದದ್ದು ಆ ಮಧ್ಯಾಹ್ನ ಮಾತ್ರ.

ಆದರೆ ಮಧ್ಯಾಹ್ನ ಬರುತ್ತಿದ್ದದ್ದು ಬೀಗಿತ್ತಿಯ ತೋಳಿನ ಮೇಲೆ.

"ತಗೊಳ್ಳಿ ಬೀಗಿತ್ತಿ, ನಿಮ್ಮ ಮೊಮ್ಮಗಳು. ಬೆಳಿಗ್ಗೆಯಿಂದ ಒಂದು ಸಲ ಕುಂಯ್ ಅಂದಿಲ್ಲ."

"ಕುಂಯ್ ಅನ್ನೋಕೆ ನೀವು ಜಾಗ ಬಿಟ್ಟರೆ ತಾನೆ. ಹಾಡು ಹೇಳಿ ಹೇಳಿ ಕಿವಿ ತುಂಬಿಸಿಬಿಟ್ಟಿರ್ತೀರಿ."

"ಮಕ್ಕಳಿಗೆ ಕೈ ಗುರುತು ಸಿಗುತ್ತೆ ನೋಡಿ. ಬೇರೆಯವರ ಮಕ್ಕಳ ಮೂಗು ಒರೆಸಿ ಒರೆಸಿ ನನ್ನ ಕೈ ಮೆತ್ತಗಾಗಿಬಿಟ್ಟಿದೆ."

"ನನ್ನ ಕೈ ಸುಡುತ್ತೆ ಅಂತೀರಾ?"

"ಅಯ್ಯೋ, ನಾನೆಲ್ಲಿ ಹಾಗಂದೆ. ಸ್ವಲ್ಪ ಗಡಸು, ಅಷ್ಟೆ. ಕೆಲಸದ ಕೈ ಅಲ್ವಾ."

ಈ 'ಅಷ್ಟೆ' ಎಂಬ ಮಾತು ಇಸ್ತ್ರಿಯಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ಮಗುವಿನ ತಲೆಗೂದಲಲ್ಲಿ ಬೀಗಿತ್ತಿಯ ಸಾಬೂನಿನ ವಾಸನೆ ಇರುತ್ತಿತ್ತು. ಅವಳು ಅತ್ತ ತಿರುಗಿದೊಡನೆ ಇಸ್ತ್ರಿಯಮ್ಮ ಒದ್ದೆ ಬಟ್ಟೆಯಿಂದ ಮಗುವಿನ ತಲೆ ಒರೆಸುತ್ತಿದ್ದಳು.

ಚರ್ಮ ನೋಡಲೆಂದು ಬೂಟು ಬಿಚ್ಚಿದಾಗ ಪುಟ್ಟಿ ನಗುತ್ತಿತ್ತು. ಮತ್ತೆ ಹಾಕಿ ಮೂರನೆಯ ತೂತಿಗೆ ಎಳೆದೊಡನೆ ಅಳು ಶುರು. ಅಂಗಡಿಯ ಮುಂದೆ ನಿಂತ ಗಿರಾಕಿಗಳು ಕತ್ತು ಚಾಚಿ ನೋಡುವಂಥ ಅಳು. ಅದೇ ಮಗು, ಅದೇ ಬೂಟು, ಬೀಗಿತ್ತಿಯ ಬಳಿ ಸದ್ದಿಲ್ಲ. ಸಂಜೆ ಮಗಳು ಬಂದು ಕಣ್ಣು ಊದಿದ ಮಗುವನ್ನು ಎತ್ತಿಕೊಂಡು ಹೇಳಿದಳು, "ಅತ್ತೆ ಹತ್ರ ಅಳಲ್ಲಮ್ಮ. ನೀನೇನೋ ಜಾಸ್ತಿ ಬಿಗಿತಿದೀಯ ಅನ್ಸುತ್ತೆ."

"ಡಾಕ್ಟರು ಹೇಳಿದ ತೂತಿಗೇ ಹಾಕ್ತಾ ಇರೋದು."

"ಅತ್ತೇನೂ ಅದಕ್ಕೇ ಹಾಕ್ತಾರಲ್ಲ."

ಇಸ್ತ್ರಿಯಮ್ಮ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಹೆತ್ತ ಮಗಳು ತನ್ನೆದುರಿಗೇ ಆ ಮನೆಯ ಮಾತಾಡಿದಳಲ್ಲ ಎಂದು ಎದೆ ಉರಿಯಿತು. ಹೆಚ್ಚು ಉರಿಸಿದ್ದು ಬೇರೆ ವಿಷಯ: ಮಗು ಮಗಳ ಹೆಗಲ ಮೇಲಿಂದ ತನ್ನ ಕಡೆ ನೋಡಿ ತುಟಿ ಸೊಟ್ಟ ಮಾಡಿಕೊಂಡಿತ್ತು.

ಆಗ ಅವಳಿಗೆ ನೆನಪಾದದ್ದು ಡಾಕ್ಟರಮ್ಮನ ಮಾತು. ಸುಕ್ಕು ಇರಬಾರದು. ಮಗು ಅಳುವುದು ಬಿಗಿಗಲ್ಲ, ಸುಕ್ಕಿಗೆ ಎಂದು ಅವಳಿಗೆ ಹೊಳೆಯಿತು. ಕಾಲುಚೀಲಗಳನ್ನು ತೊಳೆದು ಕೊಡುತ್ತಿದ್ದವಳು ಅವಳೇ. ಒಗೆದು ಒಗೆದು ಅವು ಜೋಲು ಬಿದ್ದಿದ್ದವು, ಕಣಕಾಲಿನ ಬಳಿ ಮುದುಡುತ್ತಿದ್ದವು. ಸುಕ್ಕು ತೆಗೆಯುವುದನ್ನು ಅವಳಿಗೆ ಯಾರಾದರೂ ಹೇಳಿಕೊಡಬೇಕೇ? ಆ ಹಾಡುವವಳಿಗೆ ಬರದ ವಿದ್ಯೆ ಇದು. ಆ ಸಂಜೆಯೇ ಆರೂ ಕಾಲುಚೀಲಗಳನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಅರೆಒಣಗಿದಾಗ ಇಸ್ತ್ರಿ ಪೆಟ್ಟಿಗೆಯ ತುದಿಯಿಂದ ಒತ್ತಿದಳು. ನಿಲ್ಲಿಸಿದರೆ ನಿಲ್ಲುವಂತಾದವು. ಮುಂದೆ ಒಂದು, ಹಿಂದೆ ಒಂದು ಗೆರೆ, ಪೊಲೀಸಿನವನ ಪ್ಯಾಂಟಿನಲ್ಲಿ ಇರುವಂಥದು.

ಬೀಗಿತ್ತಿ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನೋಡಿದಳು. "ಮದುಮಗನೂ ಇಂಥ ಸಾಕ್ಸ್ ಹಾಕಿರಲಿಕ್ಕಿಲ್ಲ."

"ಸುಕ್ಕು ಇರಬಾರದು ಅಂದಿದ್ರಲ್ಲ ಡಾಕ್ಟ್ರು. ಎಲ್ಲರಿಗೂ ಕೇಳಿಸಿರಲ್ಲ."

ಮಗು ಇನ್ನೂ ಹೆಚ್ಚು ಅತ್ತಿತು. ಇಸ್ತ್ರಿಯಮ್ಮನಿಗೆ ಇದು ಒಗಟಾಯಿತು. ಒಗಟಾದಷ್ಟೂ ಅವಳ ಕಣ್ಣು ಬೀಗಿತ್ತಿಯ ಕೈಗಳ ಮೇಲೆ ನೆಟ್ಟಿತು.

ಆ ಗುರುವಾರ ಮಧ್ಯಾಹ್ನ, ಮಗುವಿನ ಬೂಟು ಬಿಚ್ಚಲು ಕುಳಿತವಳು ಕೈ ತಡೆದಳು. ಬಟ್ಟೆಯ ಮಡಿಕೆ ನೋಡಿ ಅದನ್ನು ತೊಟ್ಟವನು ಎಲ್ಲಿ ಕೂತಿದ್ದ, ಯಾವ ಮೊಣಕೈ ಊರಿದ್ದ ಎಂದು ಹೇಳುವವಳು ಅವಳು. ಮಧ್ಯದ ಬೆಲ್ಟಿನ ಚರ್ಮದ ಮೇಲೆ ಎರಡು ಮಡಿಕೆಗಳಿದ್ದವು. ಒಂದು ಮೂರನೆಯ ತೂತಿನ ಬಳಿ, ತಾನು ಎಳೆದದ್ದು. ಇನ್ನೊಂದು ಎರಡನೆಯ ತೂತಿನ ಬಳಿ, ಅದಕ್ಕಿಂತ ಆಳವಾದದ್ದು. ಬಕಲಿನ ಮುಳ್ಳು ಈಗಲೂ ಎರಡನೆಯದರಲ್ಲೇ ಇತ್ತು. ಬೆರಳು ತೂರಿಸಿ ನೋಡಿದಳು, ಸಲೀಸಾಗಿ ಒಳಹೋಯಿತು.

ಮೆತ್ತಗಿನ ಕೈ ಎಂದರೆ ಇದು.

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಹೊಟ್ಟೆಯ ತಣ್ಣನೆಯ ಜಾಗದಿಂದ ಬಂದ ನಗು. ಮಗು ತನ್ನನ್ನು ಕಂಡು ಅಳುತ್ತಿರಲಿಲ್ಲ. ಬೆಳಗೆಲ್ಲ ಸಡಿಲವಾಗಿದ್ದ ಕಾಲಿಗೆ ಮಧ್ಯಾಹ್ನ ಬಿಗಿ ಬಿದ್ದರೆ ಯಾರು ತಾನೇ ಅಳುವುದಿಲ್ಲ? ಬೂಟು ಬಿಚ್ಚಿದಳು. ಹಿಮ್ಮಡಿಯ ಮೇಲೆ ಶರಟಿನ ಗುಂಡಿಯಷ್ಟಗಲದ ಒಂದು ಕೆಂಪು ಕಲೆ. ತೊಟ್ಟಿಲ ಪಕ್ಕ ಕೂತು ಕಾದಳು. ನಾಲ್ಕು ಶರಟು ಮುಗಿಸಿ ಬಂದು ಮತ್ತೆ ನೋಡಿದಳು. ಕೆಂಪು ಹೋಗಿರಲಿಲ್ಲ.

ಅವತ್ತೇ ಹೇಳಿ ಎಂದಿದ್ದರು ಡಾಕ್ಟರಮ್ಮ. ಫೋನು ಕಿಟಕಿಯ ಮೇಲಿತ್ತು. ಇಸ್ತ್ರಿಯಮ್ಮ ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಈಗ ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೀಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಅಳಿಯ ತಾಯಿಯ ಕಡೆ ನಿಲ್ಲುತ್ತಾನೆ. ಮಗಳು "ನೀವಿಬ್ಬರೂ ಸುಮ್ಮನಿರಿ" ಎನ್ನುತ್ತಾಳೆ. ಅಲ್ಲಿಗೆ ಇಬ್ಬರೂ ಸಮ ಸಮ. ಇದೇ ಮಾತು ಡಾಕ್ಟರಮ್ಮನ ಬಾಯಿಂದ ಬಂದರೆ? ಶನಿವಾರ ಹೇಗೂ ಕ್ಲಿನಿಕ್ಕಿಗೆ ಹೋಗುವುದಿತ್ತು. ನಡುವೆ ಒಂದೇ ದಿನ. ಒಂದು ದಿನದಲ್ಲಿ ಏನು ಮಹಾ.

ಮಗುವಿನ ಹಿಮ್ಮಡಿಯನ್ನು ಒಂದು ಸಲ ಊದಿ, ಗರಿಗರಿಯಾದ ಬೇರೆ ಕಾಲುಚೀಲ ಹಾಕಿ, ಮೂರನೆಯ ತೂತಿಗೆ ಎಳೆದು ಕಟ್ಟಿದಳು. ಮಗು ಅತ್ತಿತು. ಈ ಸಲ ಆ ಅಳು ಅವಳಿಗೆ ಅಷ್ಟೊಂದು ಚುಚ್ಚಲಿಲ್ಲ.

ಶುಕ್ರವಾರ ಬೀಗಿತ್ತಿ ಮಗುವನ್ನು ತಂದಾಗ ಇಸ್ತ್ರಿಯಮ್ಮ ಎಂದೂ ಇಲ್ಲದ ಹಾಗೆ ಚಹಾ ಕೊಟ್ಟಳು.

"ಏನು ವಿಶೇಷ?" ಬೀಗಿತ್ತಿ ಲೋಟವನ್ನು ಅನುಮಾನದಿಂದ ನೋಡಿದಳು.

"ವಿಶೇಷ ಏನಿಲ್ಲ. ನಾಳೆ ಕ್ಲಿನಿಕ್ಕಿಗೆ ನೀವೂ ಬನ್ನಿ. ಡಾಕ್ಟ್ರು ನಿಮ್ಮ ಕೈಗುಣ ನೋಡಲಿ."

ಅವಳು ಹೋದ ಮೇಲೆ ಬಿಚ್ಚಿ ನೋಡಿದರೆ ಕಲೆಯ ಮೇಲೆ ನೀರುಗುಳ್ಳೆ ಎದ್ದಿತ್ತು. ಇಸ್ತ್ರಿಯಮ್ಮ ಪಾದವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಮತ್ತೆ ಕಾಲುಚೀಲ ಏರಿಸಿದಳು. ನಾಳೆ ಬೆಳಗಾದರೆ ಸಾಕು, ಎಂದುಕೊಂಡಳು.

ಶನಿವಾರ ಕ್ಲಿನಿಕ್ಕಿನ ಹಸಿರು ಹಾಳೆಯ ಮೇಲೆ ಮಗುವನ್ನು ಮಲಗಿಸಿ ಡಾಕ್ಟರಮ್ಮ ಬೂಟು ಬಿಚ್ಚಿದರು. ಕಾಲುಚೀಲ ಎಳೆದಾಗ ಅದು ಅಂಟಿಕೊಂಡಿತ್ತು. ಗುಳ್ಳೆ ಒಡೆದು, ಚರ್ಮ ಸುಲಿದು, ಹಿಮ್ಮಡಿ ಹಸಿಯಾಗಿತ್ತು. ಮಗು ಅಳಲೆಂದು ಬಾಯಿ ತೆರೆಯಿತು, ದನಿ ಬರಲು ಹೊತ್ತು ಹಿಡಿಯಿತು. ಮಗಳು ಗೋಡೆಗೆ ಕೈ ಊರಿದಳು. ಅಳಿಯ ಬಾಗಿಲ ಬಳಿ ವ್ಯಾನಿನ ಬೀಗದ ಕೈ ತಿರುವುತ್ತ ನಿಂತಿದ್ದವನು ತಿರುವುವುದನ್ನು ನಿಲ್ಲಿಸಿದ.

"ಬೆಲ್ಟು ಸಡಿಲ ಹಾಕಿದೀರಿ," ಡಾಕ್ಟರಮ್ಮ ಹೇಳಿದರು. "ಯಾರು?"

ಇಸ್ತ್ರಿಯಮ್ಮ ಈ ಮಾತಿಗಾಗಿಯೇ ಕಾದಿದ್ದಳು. ಬೆಲ್ಟನ್ನು ಎತ್ತಿ ಬೆಳಕಿಗೆ ಹಿಡಿದಳು. "ನೋಡಿ ಡಾಕ್ಟ್ರೇ, ಇಲ್ಲಿ ಮಡಿಕೆ. ಎರಡನೇ ತೂತು. ನಾನು ಮೂರರಲ್ಲೇ ಹಾಕೋದು. ಬೆಳಿಗ್ಗೆ ಹಾಕೋರು ಯಾರು ಅಂತ ಅವರನ್ನೇ ಕೇಳಿ."

ಬೀಗಿತ್ತಿಯ ಮುಖ ಬಿಳಿಚಿಕೊಂಡಿತು. "ಅಳ್ತಾ ಇತ್ತು," ಎಂದಳು, ಬಹಳ ಮೆಲ್ಲಗೆ. "ನೋಡೋಕೆ ಆಗಲಿಲ್ಲ. ಒಂದೇ ಒಂದು ತೂತು ತಾನೇ ಅಂದ್ಕೊಂಡೆ. ಸ್ನಾನದಲ್ಲಿ ಕೆಂಪು ಕಂಡಿತ್ತು, ಬಿಸಿನೀರಿಗೆ ಅಂದ್ಕೊಂಡೆ."

"ಇದು ಯಾವಾಗಿಂದ ಇದೆ?" ಡಾಕ್ಟರಮ್ಮ ಹತ್ತಿ ಎತ್ತಿಕೊಳ್ಳುತ್ತ ಕೇಳಿದರು.

"ಗುರುವಾರದಿಂದ," ಇಸ್ತ್ರಿಯಮ್ಮ ಹೇಳಿದಳು. ಗೆದ್ದವರ ದನಿಯಲ್ಲೇ ಹೇಳಿದಳು.

ಮಗಳು ಗೋಡೆಯಿಂದ ಕೈ ತೆಗೆದು ತಾಯಿಯ ಕಡೆ ತಿರುಗಿದಳು.

"ಗುರುವಾರ ನೋಡಿದ್ಯಾ?"

"ಆಗ ಬರೀ ಕೆಂಪಿತ್ತು."

"ನಿನ್ನೆ?"

ಇಸ್ತ್ರಿಯಮ್ಮ ಬೆಲ್ಟನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ನಿನ್ನೆ ನೋಡಿದ್ಯಾ, ಅಮ್ಮ? ನಿನ್ನೆ ಸಂಜೆ ನಿನ್ನ ಕೈಯಿಂದ ಮಗೂನ ಎತ್ಕೊಂಡು ಹೋದೆನಲ್ಲ ನಾನು. ಒಂದು ಮಾತು ಹೇಳಲಿಲ್ಲವಲ್ಲ."

"ಇಲ್ಲಿ ಬಂದು ಹೇಳೋಣ ಅಂತ."

"ಇಲ್ಲಿ ಯಾಕೆ?"

ಅದಕ್ಕೆ ಅವಳ ಬಳಿ ಉತ್ತರವಿತ್ತು, ಆದರೆ ಬಾಯಲ್ಲಿ ಹೇಳುವಂಥದಲ್ಲ. ಮಗಳಿಗೆ ಅದು ಕೇಳದೆಯೇ ತಿಳಿಯಿತು. ಬೀಗಿತ್ತಿಗೂ ತಿಳಿಯಿತು. ಅವಳು ನಿನ್ನೆಯ ಚಹಾವನ್ನು ನೆನಪಿಸಿಕೊಂಡವಳಂತೆ ಒಮ್ಮೆ ಇಸ್ತ್ರಿಯಮ್ಮನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದಳು.

ಡಾಕ್ಟರಮ್ಮ ಅಷ್ಟರಲ್ಲಿ ಕಾಲುಚೀಲವನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. "ಇದೇನಿದು, ಹಪ್ಪಳದ ಹಾಗಿದೆ?"

"ಗಂಜಿ," ಎಂದಳು ಇಸ್ತ್ರಿಯಮ್ಮ. "ಸುಕ್ಕು ಇರಬಾರದು ಅಂದಿದ್ರಿ."

"ಮೆತ್ತಗಿರೋ ಸಾಕ್ಸನ್ನ ಕೈಯಲ್ಲಿ ಎಳೆದು ಸರಿಮಾಡಿ ಹಾಕಿ ಅಂದಿದ್ದು." ಅವರು ಮಗುವಿನ ಪಾದದ ಮುಂಭಾಗ ತೋರಿಸಿದರು. ಕಣಕಾಲಿನ ಮಡಿಕೆಯಲ್ಲಿ ಒಂದು ಸಣ್ಣ ಕೆಂಪು ಗೆರೆ, ಸ್ಕೇಲು ಇಟ್ಟು ಎಳೆದಂಥದು. "ಇದು ನಿಮ್ಮ ಇಸ್ತ್ರಿ ಗೆರೆ. ಸಡಿಲ ಬೂಟಿನೊಳಗೆ ಗಡಸು ಸಾಕ್ಸು ಅಂದರೆ ಉಪ್ಪುಕಾಗದ ಇಟ್ಟು ಉಜ್ಜಿದ ಹಾಗೆ. ನೀವಿಬ್ಬರೂ ಸೇರಿ ಮಾಡಿದೀರಿ ಇದನ್ನ."

ಹುಣ್ಣಿದ್ದ ಕಾಲಿಗೆ ಬೂಟು ಹಾಕುವ ಹಾಗಿರಲಿಲ್ಲ. ಬೂಟಿಲ್ಲದೆ ಬಿಡುವ ಹಾಗೂ ಇರಲಿಲ್ಲ. ಡಾಕ್ಟರಮ್ಮ ಪಾದವನ್ನು ಹೊರಕ್ಕೆ ಬಾಗಿಸಿ ನೋಡಿ, ಆಗಲೇ ಸ್ವಲ್ಪ ಬಿಗಿದುಕೊಂಡಿದೆ ಎಂದರು. ಹಿಮ್ಮಡಿಗೆ ಔಷಧಿಯ ಪಟ್ಟಿ ಇಟ್ಟು ಮೇಲೆ ಮತ್ತೆ ಪ್ಲಾಸ್ಟರ್ ಹಾಕಿದರು. ಮುಗಿಯಿತೆಂದುಕೊಂಡಿದ್ದ ಪ್ಲಾಸ್ಟರ್, ತೊಡೆಯವರೆಗೆ. ಮುಂದಿನ ವಾರ ಅದನ್ನು ತೆಗೆದು ಇನ್ನೊಂದು.

ವ್ಯಾನಿನಲ್ಲಿ ಹಿಂದಿರುಗಿದರು. ಇಸ್ತ್ರಿಯಮ್ಮನ ಅಂಗಡಿಯ ಮುಂದೆ ಇಳಿಸುವಾಗ ಮಗಳು ಹೇಳಿದಳು, "ನಾನು ರಜ ಹಾಕ್ತೀನಿ. ನಾಳೆಯಿಂದ ಮಧ್ಯಾಹ್ನ ಕಾಯಬೇಡ."

ತೊಟ್ಟಿಲು ಅಲ್ಲೇ ಇತ್ತು. ಮೊದಲ ದಿನ ಅದರಲ್ಲಿ ಏನನ್ನೂ ಇಡಲಿಲ್ಲ. ಆಮೇಲೆ ಜಾಗ ಸಾಲದೆ ಮಡಿಸಿದ ಹೊದಿಕೆಗಳನ್ನು ಇಟ್ಟಳು, ಸಂಜೆಯ ಹೊತ್ತಿಗೆ ತೆಗೆದಳು. ರೇಡಿಯೋ ಹಚ್ಚಿದಳು, ಅದೂ ಹಿಡಿಸಲಿಲ್ಲ. ಇಷ್ಟಾದರೂ ಅವಳ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಪ್ರಶ್ನೆ: ಬೀಗಿತ್ತಿ ಮಗುವಿರುವ ಮನೆಯಲ್ಲೇ ಇದ್ದಾಳಲ್ಲ, ಅವಳಿಗೇನು ಶಿಕ್ಷೆ? ಪ್ಲಾಸ್ಟರ್ ಇದ್ದರೇನು, ಹಾಡುವುದಕ್ಕೆ ಅಡ್ಡಿಯೇ? ಒಂದು ದಿನ ತಡೆಯಲಾರದೆ, ಒಗೆದ ಕಾಲುಚೀಲ ಕೊಡುವ ನೆಪ ಮಾಡಿಕೊಂಡು ಹೋದಳು. ಗಂಜಿ ಇಲ್ಲ, ಇಸ್ತ್ರಿ ಇಲ್ಲ, ಮೂರು ನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ಒಣಗಿಸಿದ್ದು. ಬಾಗಿಲು ತೆರೆದವಳು ಬೀಗಿತ್ತಿ. ಮನೆಯ ಒಳಗೆ ಹಾಡಿನ ಸದ್ದಿರಲಿಲ್ಲ.

"ಮಗೂನ ಮುಟ್ಟೋಕೆ ಬಿಡ್ತಿಲ್ಲ," ಬೀಗಿತ್ತಿ ತಗ್ಗಿದ ದನಿಯಲ್ಲಿ ಹೇಳಿದಳು. "ಅಡುಗೆಮನೇಲಿ ಇರಿ ಅಂದಿದಾಳೆ ನಿಮ್ಮ ಮಗಳು."

ಇಸ್ತ್ರಿಯಮ್ಮನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಮೆಟ್ಟಿಲು ಇಳಿಯುವವರೆಗೆ.

ಎರಡನೆಯ ಪ್ಲಾಸ್ಟರ್ ತೆಗೆದ ದಿನ ಹಿಮ್ಮಡಿಯ ಮೇಲೆ ತೆಳ್ಳಗಿನ ಗುಲಾಬಿ ಚರ್ಮ ಬಂದಿತ್ತು. ಪಾದ ನೆಟ್ಟಗಿತ್ತು. ಬೂಟು ಹಾಕಿ ತೋರಿಸುತ್ತ ಡಾಕ್ಟರಮ್ಮ, "ಇದು ಒಬ್ಬರ ಕೆಲಸ ಅಲ್ಲ. ಒಬ್ಬರು ಮಂಡಿ ಮಡಿಸಿ ಹಿಮ್ಮಡಿ ಒತ್ತಿ ಹಿಡೀಬೇಕು, ಇನ್ನೊಬ್ಬರು ಬೆಲ್ಟು ಎಳೀಬೇಕು," ಎಂದರು. ಮಗಳ ರಜೆಯೂ ಮುಗಿಯುತ್ತ ಬಂದಿತ್ತು. ಅವಳು ಇಬ್ಬರು ಅಜ್ಜಿಯರನ್ನೂ ಎದುರು ಕೂರಿಸಿಕೊಂಡು ಒಂದೇ ಮಾತು ಹೇಳಿದಳು.

"ಇಬ್ಬರೂ ಇದ್ದರೆ ಮಾತ್ರ ಬೂಟು ಮುಟ್ಟಬೇಕು. ಹಾಕೋವಾಗಲೂ, ಬಿಚ್ಚೋವಾಗಲೂ. ಒಬ್ಬರೇ ಮುಟ್ಟಿದ್ದು ಗೊತ್ತಾದರೆ ಇಬ್ಬರಿಗೂ ಮಗು ಇಲ್ಲ."

ಹೀಗೆ ಇಸ್ತ್ರಿಯಮ್ಮ ಬೆಳಗಿನ ನೂಕುನುಗ್ಗಲಿನ ಹೊತ್ತಿಗೇ ಅಂಗಡಿಯ ಬಾಗಿಲು ಎಳೆದು ಎರಡು ಬೀದಿ ದಾಟಿ ಹೋಗಬೇಕಾಯಿತು. ಕಾದು ನಿಲ್ಲಲಾರದ ಗಿರಾಕಿಗಳು ಮೂಲೆಯ ಹೊಸ ಲಾಂಡ್ರಿಗೆ ಹೋದರು. ಮಧ್ಯಾಹ್ನ ಬೀಗಿತ್ತಿ ಮಗುವಿನೊಂದಿಗೆ ಅಂಗಡಿಗೆ ಬಂದವಳು ಸಂಜೆಯವರೆಗೆ ತೊಟ್ಟಿಲ ಪಕ್ಕವೇ ಕೂರುತ್ತಿದ್ದಳು.

"ಸಾಕ್ಸ್ ತೋರಿಸಿ ಮೊದಲು," ಎನ್ನುತ್ತಾಳೆ ಬೀಗಿತ್ತಿ. ತೆಗೆದುಕೊಂಡು ಕೆನ್ನೆಗೆ ಉಜ್ಜಿ ನೋಡುತ್ತಾಳೆ.

"ಇನ್ನೂ ನಂಬಿಕೆ ಇಲ್ವಾ?"

"ನಿಮ್ಮ ಕೈಗೆ ಗಂಜಿ ಪಾತ್ರೆ ಕಂಡರೆ ತಡೆಯೋಕಾಗಲ್ಲ."

"ಸರಿ, ಮಂಡಿ ಹಿಡೀರಿ. ಇಲ್ಲ, ನೀವು ಬೆಲ್ಟು ಎಳೀರಿ, ಇವತ್ತು ನಿಮ್ಮ ಸರದಿ. ಎಳೀರಿ ಅಂದ್ರೆ ಸವರೋದಲ್ಲ. ಎರಡನೇ ತೂತಿನ ಮೇಲೆ ನಿಮಗಿನ್ನೂ ಮೋಹ ಹೋಗಿಲ್ಲ."

"ಮೂರಕ್ಕೇ ಹಾಕಿದೀನಿ, ಕಣ್ಣಿದ್ದರೆ ನೋಡಿ."

ಇಸ್ತ್ರಿಯಮ್ಮ ಕಣ್ಣಿಟ್ಟೇ ನೋಡುತ್ತಾಳೆ. ಬೆರಳು ತೂರಿಸಿಯೂ ನೋಡುತ್ತಾಳೆ. ಹಿಂದಿನ ಕಿಂಡಿಯಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಇಣುಕುತ್ತಾರೆ, ಏಕೆಂದರೆ ಒಬ್ಬಳು ನೋಡಿದೆ ಎಂದರೆ ಇನ್ನೊಬ್ಬಳಿಗೆ ಸಾಲದು. ಬಿಚ್ಚಿದಾಗ ಚರ್ಮದ ಮೇಲೆ ಕೆಂಪು ಕಂಡರೆ ಅದು ಮಾಯವಾಗುವವರೆಗೂ ಇಬ್ಬರೂ ಕದಲುವುದಿಲ್ಲ. ತಾನು ಎದ್ದುಹೋದರೆ ಇನ್ನೊಬ್ಬಳು ಮಗಳಿಗೆ ಏನು ವರದಿ ಒಪ್ಪಿಸುತ್ತಾಳೋ ಎಂಬ ಭಯ. ಇಬ್ಬರ ಹೊಟ್ಟೆಕಿಚ್ಚೂ ಮೊದಲಿನಷ್ಟೇ ಇದೆ. ಆದರೆ ಈಗ ಅದು ಬೆಲ್ಟಿನ ಎರಡು ಕಡೆ ಕಾವಲು ಕೂತಿದೆ.

ಬೂಟು ಹಾಕಿದೊಡನೆ ಪುಟ್ಟಿ ಸ್ವಲ್ಪ ಅಳುತ್ತದೆ, ಇಬ್ಬರನ್ನೂ ನೋಡಿ ಅಳುತ್ತದೆ. ಆಮೇಲೆ ತಕ್ಕಡಿ ಎತ್ತಿ ತೊಟ್ಟಿಲಿಗೆ ಬಡಿಯುತ್ತ ಆಡಿಕೊಳ್ಳುತ್ತದೆ. ಹಾಡು ಶುರುವಾದರೆ ಈಗಲೂ ಅದು ತಿರುಗುವುದು ಬೀಗಿತ್ತಿಯ ಕಡೆಗೇ. ಇಸ್ತ್ರಿಯಮ್ಮ ಆಗ ಪ್ಯಾಂಟಿನ ಗೆರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಾಳೆ.

ಅವಳ ಲೆಕ್ಕದಲ್ಲಿ ಹೋದದ್ದು ಬೆಳಗಿನ ಗಿರಾಕಿಗಳಲ್ಲಿ ಅರ್ಧ, ಮತ್ತು ಮಗುವಿನೊಂದಿಗೆ ಒಬ್ಬಳೇ ಇರುತ್ತಿದ್ದ ಮಧ್ಯಾಹ್ನಗಳು. ಆ ಮಧ್ಯಾಹ್ನಗಳು ಮತ್ತೆ ಬರಲಿಲ್ಲ. ಮಗಳು ಈಗಲೂ ಮಗುವನ್ನು ಎತ್ತಿಕೊಳ್ಳುವ ಮೊದಲು ಕಾಲುಚೀಲ ಇಳಿಸಿ ತಾನೇ ನೋಡುತ್ತಾಳೆ, ಅಮ್ಮನ ಮಾತಿಗೆ ಕಾಯುವುದಿಲ್ಲ. ಉಳಿದದ್ದು ಪಾದ. ಅದರ ಮೇಲೆ ಮತ್ತೆ ಹುಣ್ಣಾಗಲಿಲ್ಲ.